‘ನಂಟು’ ಎಂಬ ಎರಡಕ್ಷರದ ಅಪರಾಧ

ಕನ್ನಡದಲ್ಲಿ ನಂಟು ಎಂದರೆ ಬಾಂಧವ್ಯ. ನಂಟ, ನೆಂಟ, ನೆಂಟಸ್ತನ, ನೆಂಟರಿಷ್ಟರು ಎಲ್ಲವೂ ಒಂದೇ ಬಳ್ಳಿಯ ಮಾತುಗಳು. ಮದುವೆ ಮನೆಯಲ್ಲೂ ಸಾವಿನ ಮನೆಯಲ್ಲೂ ಮನುಷ್ಯನನ್ನು ಮನುಷ್ಯನಿಗೆ ಕಟ್ಟಿಹಾಕುವ ಈ ಮಾತಿಗೆ ಕಳೆದ ಎರಡು ಮೂರು ದಶಕಗಳಲ್ಲಿ ನಮ್ಮ ಪತ್ರಿಕೆಗಳ ಮುಖಪುಟ ಬೇರೊಂದು ಅರ್ಥವನ್ನು ದಯಪಾಲಿಸಿದೆ. ‘ಉಗ್ರರ ನಂಟು’, ‘ಪಾಕ್ ನಂಟು’, ‘ಭಟ್ಕಳ ನಂಟು’, ‘ಬೆಂಗಳೂರು ನಂಟು’. ಎಲ್ಲಿ ಬಾಂಬ್ ಸಿಡಿದರೂ ಮರುದಿನ ಈ ಎರಡಕ್ಷರ ದಪ್ಪ ಅಕ್ಷರದಲ್ಲಿ ಬಂದು ಕೂರುತ್ತದೆ. ಅದರ ಒಂದು ತುದಿಯಲ್ಲಿ ನಿಜವಾದ ಅಪರಾಧಿ ಇರಬಹುದು. ಇನ್ನೊಂದು ತುದಿಯಲ್ಲಿ ಮಾತ್ರ ಅವನ ಊರು, ಅವನ ಕಾಲೇಜು, ಅವನ ಚಿಕ್ಕಪ್ಪನ ಮಗ, ಅವನು ನಮಾಝ್ ಮಾಡಿದ ಮಸೀದಿ, ಕೊನೆಗೆ ಒಂದು ಇಡೀ ಸಮುದಾಯ ತೂಗುತ್ತಿರುತ್ತದೆ.

ಭಯೋತ್ಪಾದನೆಯ ಬಗ್ಗೆ ಮಾಧ್ಯಮಗಳ ಇಬ್ಬಗೆ ನೀತಿಯನ್ನು ಕುರಿತು ಮುಸ್ಲಿಮರು ಬರೆದಾಗಲೆಲ್ಲ ‘ನೀವು ಭಯೋತ್ಪಾದಕರನ್ನು ಸಮರ್ಥಿಸುತ್ತಿದ್ದೀರಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಆದ್ದರಿಂದ ಮೊದಲೇ ಹೇಳಿಬಿಡಬೇಕು. ನಿರಪರಾಧಿಯ ಕೊಲೆಯನ್ನು ಇಡೀ ಮಾನವ ಕುಲದ ಕೊಲೆಗೆ ಸಮಾನವೆಂದು ಕಾಣುವ ಧರ್ಮದ ಅನುಯಾಯಿಗಳಿಗೆ, ರೈಲಿನಲ್ಲಿ, ಮಾರುಕಟ್ಟೆಯಲ್ಲಿ, ಮಸೀದಿಯಲ್ಲಿ, ದೇವಾಲಯದಲ್ಲಿ ಬಾಂಬಿಟ್ಟವನು ಯಾರೇ ಆಗಿರಲಿ ಅವನ ಪರವಾಗಿ ವಾದಿಸುವ ಹಕ್ಕಿಲ್ಲ. ಇಲ್ಲಿ ಚರ್ಚೆಯಾಗಬೇಕಾದುದು ಅಪರಾಧಿಯ ಪ್ರಶ್ನೆಯಲ್ಲ. ಅಪರಾಧ ಸಾಬೀತಾಗುವ ಮೊದಲು ಒಬ್ಬನನ್ನು ಏನೆಂದು ಕರೆಯುತ್ತೇವೆ, ಅದು ಸುಳ್ಳೆಂದು ಸಾಬೀತಾದ ಬಳಿಕ ಏನು ಮಾಡುತ್ತೇವೆ, ಈ ಎರಡರಲ್ಲೂ ಎಲ್ಲರಿಗೂ ಒಂದೇ ಅಳತೆಗೋಲು ಬಳಸುತ್ತೇವೆಯೇ ಎಂಬ ಪ್ರಶ್ನೆ.

ಮೂಡಿಗೆರೆಯಿಂದ ಬ್ರಿಸ್ಬೇನ್‌ವರೆಗೆ

ಈ ಪ್ರಶ್ನೆಯನ್ನು ಪರೀಕ್ಷಿಸಲು ಕನ್ನಡಿಗರಿಗೆ ಡಾ. ಮುಹಮ್ಮದ್ ಹನೀಫ್ ಪ್ರಕರಣಕ್ಕಿಂತ ಉತ್ತಮ ಉದಾಹರಣೆ ಬೇರೆ ಇಲ್ಲ. ಮೂಡಿಗೆರೆ ಮೂಲದ, ಬೆಂಗಳೂರಿನಲ್ಲಿ ವೈದ್ಯಕೀಯ ಶಿಕ್ಷಣ ಪಡೆದ ಈ ಯುವಕ ಇಂಗ್ಲೆಂಡಿನಲ್ಲಿ ಕೆಲಸ ಮಾಡಿ, 2006ರಲ್ಲಿ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್ ಆಸ್ಪತ್ರೆಗೆ ಸೇರಿದ್ದರು. 2007ರ ಜೂನ್ 29ರಂದು ಲಂಡನ್ನಿನಲ್ಲಿ ಸ್ಫೋಟಕ ತುಂಬಿದ ಕಾರುಗಳು ಪತ್ತೆಯಾದವು. ಮರುದಿನ ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪೊಂದು ನುಗ್ಗಿತು. ಜೀಪಿನಲ್ಲಿದ್ದವರಲ್ಲಿ ಒಬ್ಬ ಬೆಂಗಳೂರಿನ ಎಂಜಿನಿಯರ್ ಕಫೀಲ್ ಅಹ್ಮದ್. ಸುಟ್ಟ ಗಾಯಗಳಿಂದ ಆತ ಆಗಸ್ಟ್ 2ರಂದು ಸತ್ತ. ಕಫೀಲ್ ಮತ್ತು ಆತನ ಸಹೋದರ ಸಬೀಲ್ ಇಬ್ಬರೂ ಹನೀಫರಿಗೆ ದೂರದ ಸೋದರ ಸಂಬಂಧಿಗಳು. ನಿಜವಾದ ಅರ್ಥದಲ್ಲಿ ನಂಟರು.

ಜುಲೈ 2ರ ರಾತ್ರಿ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಹನೀಫ್ ಬಂಧನವಾಯಿತು. ಕೈಯಲ್ಲಿ ಭಾರತಕ್ಕೆ ಹೋಗುವ ಟಿಕೆಟ್ ಇತ್ತು, ಹಿಂದಿರುಗುವ ಟಿಕೆಟ್ ಇರಲಿಲ್ಲ. ಅಷ್ಟು ಸಾಕಾಯಿತು. ‘ಪಲಾಯನ’ ಎಂಬ ಕಥೆ ಹುಟ್ಟಿಕೊಂಡಿತು. ಒಂದು ವಾರದ ಹಿಂದೆಯಷ್ಟೇ ಬೆಂಗಳೂರಿನಲ್ಲಿ ಅವರ ಪತ್ನಿಗೆ ಹೆರಿಗೆಯಾಗಿ ಹೆಣ್ಣು ಮಗು ಹುಟ್ಟಿತ್ತು ಎಂಬುದು, ಟಿಕೆಟ್ ತೆಗೆಸಿಕೊಟ್ಟವರು ಮಾವ ಎಂಬುದು, ವಿಮಾನ ನಿಲ್ದಾಣಕ್ಕೆ ಹೊರಡುವ ಮೊದಲು ಬ್ರಿಟನ್ನಿನ ಪೊಲೀಸ್ ಅಧಿಕಾರಿಯೊಬ್ಬರಿಗೆ ಅವರು ಹಲವು ಬಾರಿ ಫೋನ್ ಮಾಡಲು ಯತ್ನಿಸಿದ್ದರು ಎಂಬುದು ಪೊಲೀಸರ ವಿಚಾರಣಾ ದಾಖಲೆಯಲ್ಲೇ ಇದ್ದ ಸಂಗತಿಗಳು. ಮಗುವನ್ನು ನೋಡಲು ಹೊರಟ ತಂದೆ ಎಂಬ ವಿವರಣೆ ಸರಳವಾಗಿತ್ತು. ಸರಳ ವಿವರಣೆಗಳಿಗೆ ಬ್ರೇಕಿಂಗ್ ನ್ಯೂಸ್‌ನ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ.

ಆರೋಪಪಟ್ಟಿಯಿಲ್ಲದೆ 12 ದಿನ ಬಂಧನದಲ್ಲಿಟ್ಟ ಬಳಿಕ ಜುಲೈ 14ರಂದು ಅವರ ಮೇಲೆ ಹೊರಿಸಿದ ಆರೋಪವೇನು? ಒಂದು ಸಿಮ್ ಕಾರ್ಡ್. 2006ರಲ್ಲಿ ಇಂಗ್ಲೆಂಡ್ ಬಿಡುವಾಗ ಅದರಲ್ಲಿ ಉಳಿದಿದ್ದ ಉಚಿತ ಕರೆಗಳನ್ನು ಬಳಸಿಕೋ ಎಂದು ಸಬೀಲ್‌ಗೆ ಕೊಟ್ಟು ಬಂದ ಸಿಮ್. ವಿದೇಶದಲ್ಲಿ ದುಡಿಯುವ ನಮ್ಮ ಹುಡುಗರು ಊರು ಬದಲಿಸುವಾಗ ಸಿಮ್, ಕುಕ್ಕರ್, ಕಂಬಳಿ ಎಲ್ಲವನ್ನೂ ಹೀಗೆಯೇ ಪರಿಚಿತರಿಗೆ ಬಿಟ್ಟು ಹೋಗುತ್ತಾರೆ. ಆ ಸಿಮ್ ಗ್ಲಾಸ್ಗೋದಲ್ಲಿ ಉರಿದ ಜೀಪಿನೊಳಗೆ ಸಿಕ್ಕಿತು ಎಂದು ನ್ಯಾಯಾಲಯಕ್ಕೆ ಹೇಳಲಾಯಿತು. ಅದು ಸುಳ್ಳು. ಸಿಮ್ ಸಿಕ್ಕಿದ್ದು ನೂರಾರು ಕಿಲೋಮೀಟರ್ ದೂರದ ಲಿವರ್‌ಪೂಲ್‌ನಲ್ಲಿ, ಸಬೀಲ್ ಬಳಿ. ಈ ಸುಳ್ಳನ್ನು ಬಯಲಿಗೆಳೆದದ್ದು ಪೊಲೀಸರಲ್ಲ. ಆಸ್ಟ್ರೇಲಿಯಾದ ಸಾರ್ವಜನಿಕ ಪ್ರಸಾರ ಸಂಸ್ಥೆ ಎಬಿಸಿಯ ವರದಿಗಾರ ರಫಾಯೆಲ್ ಎಪ್‌ಸ್ಟೀನ್.

ಜುಲೈ 16ರಂದು ಮ್ಯಾಜಿಸ್ಟ್ರೇಟ್ ಜಾಕಿ ಪೇನ್ 10,000 ಡಾಲರ್ ಭದ್ರತೆಯ ಮೇಲೆ ಜಾಮೀನು ನೀಡಿದರು. ಕೆಲವೇ ಗಂಟೆಗಳಲ್ಲಿ ವಲಸೆ ಸಚಿವ ಕೆವಿನ್ ಆಂಡ್ರ್ಯೂಸ್ ‘ನಡತೆ’ಯ ಕಾರಣ ಮುಂದಿಟ್ಟು ಅವರ ವೀಸಾ ರದ್ದುಪಡಿಸಿದರು. ನ್ಯಾಯಾಲಯ ತೆರೆದ ಬಾಗಿಲನ್ನು ಸರಕಾರ ಮುಚ್ಚಿತು. ಗೋಲ್ಡ್ ಕೋಸ್ಟ್‌ನ ಗಗನಚುಂಬಿ ಕಟ್ಟಡವೊಂದನ್ನು ಸ್ಫೋಟಿಸುವ ಸಂಚಿನ ಕಥೆಯೂ ಪತ್ರಿಕೆಯಲ್ಲಿ ಬಂತು. ಪೊಲೀಸರೇ ಅದನ್ನು ಅಲ್ಲಗಳೆಯಬೇಕಾಯಿತು. ಕೊನೆಗೆ ಜುಲೈ 27ರಂದು ಆರೋಪವನ್ನು ಕೈಬಿಡಲಾಯಿತು. ಆಗಸ್ಟ್‌ನಲ್ಲಿ ಫೆಡರಲ್ ನ್ಯಾಯಾಲಯ ವೀಸಾ ರದ್ದತಿಯನ್ನೂ ತಳ್ಳಿಹಾಕಿತು. ಮಾಜಿ ನ್ಯಾಯಾಧೀಶ ಜಾನ್ ಕ್ಲಾರ್ಕ್ ಅವರ ವಿಚಾರಣಾ ವರದಿ 2008ರ ಡಿಸೆಂಬರ್‌ನಲ್ಲಿ ಹೊರಬಂತು. ಹನೀಫ್ ವಿರುದ್ಧ ಆರೋಪ ಹೊರಿಸಲು ಬೇಕಾದ ಸಾಕ್ಷ್ಯ ಇರಲೇ ಇಲ್ಲ ಎಂದು ಅದು ಹೇಳಿತು. ಅವರು ಅಪಾಯಕಾರಿ ಎನ್ನಲು ತನ್ನ ಬಳಿ ಮಾಹಿತಿಯಿಲ್ಲವೆಂದು ಆ ದೇಶದ ಗುಪ್ತಚರ ಸಂಸ್ಥೆಯೇ ಮೊದಲೇ ಸರಕಾರಕ್ಕೆ ತಿಳಿಸಿತ್ತು ಎಂಬುದೂ ಅದರಿಂದ ಬೆಳಕಿಗೆ ಬಂತು. ತನಿಖೆಗೆ ಖರ್ಚಾದದ್ದು 80 ಲಕ್ಷ ಆಸ್ಟ್ರೇಲಿಯನ್ ಡಾಲರ್‌ಗೂ ಹೆಚ್ಚು. 2010ರಲ್ಲಿ ಆಸ್ಟ್ರೇಲಿಯಾ ಸರಕಾರ ಅವರಿಗೆ ಪರಿಹಾರ ಕೊಟ್ಟು ಪ್ರಕರಣ ಮುಗಿಸಿತು.

ಇಷ್ಟೂ ಕಥೆಯಲ್ಲಿ ಹನೀಫರ ‘ಅಪರಾಧ’ ಯಾವುದು? ನಂಟು. ಕನ್ನಡ ನಿಘಂಟಿನಲ್ಲಿರುವ ಅರ್ಥದ ನಂಟು. ಒಬ್ಬನ ಹೊರೆಯನ್ನು ಇನ್ನೊಬ್ಬ ಹೊರಲಾರ ಎಂಬುದು ಪವಿತ್ರ ಕುರ್‌ಆನ್ ಮತ್ತೆ ಮತ್ತೆ ನೆನಪಿಸುವ ತತ್ವ. ಆಧುನಿಕ ಅಪರಾಧ ಕಾನೂನಿನ ಅಡಿಗಲ್ಲೂ ಅದೇ. ರಕ್ತಸಂಬಂಧದ ಆಧಾರದಲ್ಲಿ ಹಗೆ ತೀರಿಸುವ ಬುಡಕಟ್ಟು ನ್ಯಾಯವನ್ನು ಮಾನವಕುಲ ಬಹಳ ಹಿಂದೆಯೇ ಬಿಟ್ಟುಬಂದಿದೆ ಎಂದು ನಾವು ನಂಬಿದ್ದೆವು. ನಾಗರಿಕತೆಯ ಪಾಠ ಹೇಳುವ ದೇಶವೊಂದರಲ್ಲಿ, ಸಚಿವರೊಬ್ಬರ ಸಹಿಯ ಮೂಲಕ ಅದು ಮರಳಿ ಬಂತು.

ಪರದೇಶದಲ್ಲಿ ಕನ್ನಡಿಗ, ಸ್ವದೇಶದಲ್ಲಿ ಶಂಕಿತ

ಹನೀಫ್ ಪ್ರಕರಣದ ಎರಡನೇ ಭಾಗವನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಮೊದಲ ದಿನಗಳಲ್ಲಿ ಬೆಂಗಳೂರಿನ ಅವರ ಮನೆಯ ಮುಂದೆ ಚಾನೆಲ್‌ಗಳ ವಾಹನಗಳು ಸಾಲುಗಟ್ಟಿ ನಿಂತಿದ್ದವು. ‘ಭಯೋತ್ಪಾದನೆಗೆ ಬೆಂಗಳೂರು ನಂಟು’ ಎಂಬುದೇ ಅಂದಿನ ಸುದ್ದಿಯ ದನಿ. ಆಸ್ಟ್ರೇಲಿಯಾದ ತನಿಖೆ ಕುಸಿಯತೊಡಗಿದಂತೆ ಆ ದನಿ ಬದಲಾಯಿತು. ‘ನಮ್ಮ ವೈದ್ಯ’ನಿಗೆ ಅನ್ಯಾಯವಾಗಿದೆ, ಭಾರತೀಯರನ್ನು ಅವಮಾನಿಸಲಾಗಿದೆ ಎಂದು ಅದೇ ಪರದೆಗಳು ಗುಡುಗಿದವು. ಆ ತಾಯಿಯ ನೋವನ್ನು ಕಂಡು ತಮಗೆ ನಿದ್ದೆ ಬರಲಿಲ್ಲ ಎಂಬರ್ಥದ ಮಾತನ್ನು ಅಂದಿನ ಪ್ರಧಾನಿ ಮನಮೋಹನ್ ಸಿಂಗ್ ಆಡಿದರು. ಆ ಮಾನವೀಯ ಮಾತಿಗಾಗಿ ಅವರು ಗೇಲಿಗೊಳಗಾದರು ಎಂಬುದು ಬೇರೆ ವಿಷಯ. ಜುಲೈ ಕೊನೆಗೆ ಹನೀಫ್ ಬೆಂಗಳೂರಿಗೆ ಮರಳಿದಾಗ ಸಿಕ್ಕ ಸ್ವಾಗತ ನಿಜಕ್ಕೂ ಸಂತಸ ತರುವಂತಹದು.

ಆದರೆ ಅದೇ 2007ರ ಮೇ 18ರಂದು ಹೈದರಾಬಾದಿನ ಮಕ್ಕಾ ಮಸೀದಿಯಲ್ಲಿ ಶುಕ್ರವಾರದ ನಮಾಝ್ ವೇಳೆ ಬಾಂಬ್ ಸಿಡಿದು 9 ಮಂದಿ ಸತ್ತಿದ್ದರು. ಆ ಬಳಿಕ ಪೊಲೀಸರ ಗುಂಡಿಗೆ ಇನ್ನೂ ಐವರು ಬಲಿಯಾದರು. ಸ್ಫೋಟಕ್ಕೆ ಸಂಬಂಧಿಸಿ ಹತ್ತಾರು ಮುಸ್ಲಿಮ್ ಯುವಕರನ್ನು ಹಿಡಿದುಕೊಂಡು ಹೋಗಿ ಚಿತ್ರಹಿಂಸೆ ನೀಡಲಾಯಿತು. ಅವರ ತಾಯಂದಿರ ಮನೆ ಮುಂದೆ ಯಾವ ಚಾನೆಲ್ ಕಣ್ಣೀರು ಹಾಕಿತು? ಬ್ರಿಸ್ಬೇನ್ ಪೊಲೀಸರ ಮಾತನ್ನು ಅನುಮಾನಿಸಲು ಗೊತ್ತಿದ್ದ ನಮ್ಮ ವರದಿಗಾರರಿಗೆ ಹೈದರಾಬಾದ್ ಪೊಲೀಸರ ಮಾತನ್ನು ಅನುಮಾನಿಸಲು ಏಕೆ ಗೊತ್ತಾಗಲಿಲ್ಲ? ಮುಂದೆ ಆ ಯುವಕರು ಬಿಡುಗಡೆಯಾದರು. ಆಂಧ್ರ ಸರಕಾರವೇ ಅವರಲ್ಲಿ ಕೆಲವರಿಗೆ ತಲಾ 3 ಲಕ್ಷ ರೂಪಾಯಿ ಪರಿಹಾರ ಕೊಟ್ಟಿತು. 2013ರಲ್ಲಿ ಹೈಕೋರ್ಟ್ ಆ ಪರಿಹಾರದ ಆದೇಶವನ್ನೂ ರದ್ದುಪಡಿಸಿತು. ಆಸ್ಟ್ರೇಲಿಯಾ ತನ್ನ ತಪ್ಪಿಗೆ ವಿಚಾರಣಾ ಆಯೋಗ ನೇಮಿಸಿ ವರದಿ ಪ್ರಕಟಿಸಿತು. ನಮ್ಮಲ್ಲಿ ಕೊಟ್ಟ ಪರಿಹಾರವೂ ನಿಲ್ಲಲಿಲ್ಲ. ನಿರಪರಾಧಿ ಮುಸ್ಲಿಮನೊಬ್ಬನ ಪರವಾಗಿ ನಮ್ಮ ಮಾಧ್ಯಮಗಳು ಮಾತಾಡಬೇಕಾದರೆ ಅವನನ್ನು ಬಂಧಿಸಿದವರು ವಿದೇಶಿಯರಾಗಿರಬೇಕು ಎಂಬುದೇ ಇದರ ಅರ್ಥವೇ?

ಎಲ್ಲ ಮಾಧ್ಯಮಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ಹನೀಫರ ವಕೀಲ ಸ್ಟೀಫನ್ ಕೀಮ್ 142 ಪುಟಗಳ ವಿಚಾರಣಾ ದಾಖಲೆಯನ್ನು ವೃತ್ತಿಗೆ ಅಪಾಯ ತಂದುಕೊಂಡು ಕೊಟ್ಟದ್ದು ಪತ್ರಕರ್ತನೊಬ್ಬನಿಗೆ. ಅದನ್ನು ಪ್ರಕಟಿಸಿದ ಹೆಡ್ಲಿ ಥಾಮಸ್ ಕೆಲಸ ಮಾಡುತ್ತಿದ್ದದ್ದು ‘ದಿ ಆಸ್ಟ್ರೇಲಿಯನ್’ ಪತ್ರಿಕೆಯಲ್ಲಿ. ಅದರ ಒಡೆಯ ಬಲಪಂಥೀಯ ಒಲವಿನ ರೂಪರ್ಟ್ ಮರ್ಡಾಕ್. ಆ ವರದಿಗಳಿಗಾಗಿ ಥಾಮಸ್ ಅವರಿಗೆ ಅಲ್ಲಿನ ಪತ್ರಿಕೋದ್ಯಮದ ಅತ್ಯುನ್ನತ ಗೋಲ್ಡ್ ವಾಕ್ಲೀ ಪ್ರಶಸ್ತಿ ಬಂತು. ಪೂರ್ವಗ್ರಹವನ್ನು ಹರಡಿದ್ದೂ ಪತ್ರಿಕೆಗಳೇ, ಅದನ್ನು ಒಡೆದದ್ದೂ ಪತ್ರಿಕೆಗಳೇ. ಇಬ್ಬರ ನಡುವೆ ಇದ್ದ ವ್ಯತ್ಯಾಸ ಇಷ್ಟೇ: ಒಬ್ಬರು ಪೊಲೀಸರು ಹೇಳಿದ್ದನ್ನು ಬರೆದುಕೊಂಡರು, ಇನ್ನೊಬ್ಬರು ದಾಖಲೆಯನ್ನು ಓದಿದರು.

‘ಎನ್ನಲಾಗಿದೆ’: ಕರ್ತೃವಿಲ್ಲದ ಕ್ರಿಯಾಪದ

ಪೂರ್ವಗ್ರಹ ಎಂಬುದು ಸಂಪಾದಕೀಯದಲ್ಲಿ ಮಾತ್ರ ಇರುವುದಿಲ್ಲ. ಅದು ವ್ಯಾಕರಣದಲ್ಲೂ ಅಡಗಿರುತ್ತದೆ. ನಮ್ಮ ಅಪರಾಧ ವರದಿಗಳಲ್ಲಿ ಅತಿ ಹೆಚ್ಚು ದುಡಿಯುವ ಕ್ರಿಯಾಪದ ‘ಎನ್ನಲಾಗಿದೆ’. ಸ್ಫೋಟದ ರೂವಾರಿ ಎನ್ನಲಾಗಿದೆ, ವಿದೇಶದಿಂದ ಹಣ ಬರುತ್ತಿತ್ತು ಎನ್ನಲಾಗಿದೆ. ಅಂದವರು ಯಾರು? ವಾಕ್ಯದಲ್ಲಿ ಅವರು ಇಲ್ಲ. ಮರುದಿನ ಅದು ಸುಳ್ಳಾದರೆ ಯಾರನ್ನೂ ಕೇಳುವಂತಿಲ್ಲ. ‘ಮೂಲಗಳ ಪ್ರಕಾರ’ ಎಂಬುದು ಇದರ ಒಡಹುಟ್ಟು. ಹೆಸರು, ಹುದ್ದೆ, ಜವಾಬ್ದಾರಿ ಯಾವುದೂ ಇಲ್ಲದ ಆ ‘ಮೂಲ’ ಹೇಳಿದ್ದು ಮಾತ್ರ ಆರೋಪಿಯ ಹೆಸರು, ಅವನ ಓಣಿ, ಅವನ ತಂದೆಯ ಉದ್ಯೋಗ ಸಮೇತ ಅಚ್ಚಾಗುತ್ತದೆ.

ಇನ್ನು ‘ಶಂಕಿತ ಉಗ್ರ’. ಇಲ್ಲಿ ‘ಶಂಕಿತ’ ಎಂಬುದು ವಿಶೇಷಣ, ‘ಉಗ್ರ’ ಎಂಬುದು ನಾಮಪದ. ಓದುಗನ ನೆನಪಿನಲ್ಲಿ ವಿಶೇಷಣ ಉದುರಿ ಹೋಗುತ್ತದೆ, ನಾಮಪದ ಉಳಿಯುತ್ತದೆ. ಉಗ್ರಗಾಮಿ ಎಂಬ ಉದ್ದದ ಪದವನ್ನು ಶೀರ್ಷಿಕೆಯ ಅಂಕಣದೊಳಗೆ ಹಿಡಿಸಲು ಕತ್ತರಿಸಿ ಮಾಡಿದ ಈ ಪದ ಎಷ್ಟು ರೂಢಿಯಾಗಿದೆಯೆಂದರೆ, ‘ಆರೋಪಿ’ ಎಂಬ ಮೂರಕ್ಷರದ, ಕಾನೂನುಬದ್ಧವಾದ, ಯಾರಿಗೂ ಅನ್ಯಾಯ ಮಾಡದ ಪದ ನಮ್ಮ ಬಳಿ ಇದೆ ಎಂಬುದೇ ಮರೆತುಹೋಗಿದೆ. ಮರೆತಿದೆಯೇ? ಇಲ್ಲ. ಅದನ್ನು ಯಾರಿಗೆ ಬಳಸಬೇಕು ಎಂಬುದು ಚೆನ್ನಾಗಿಯೇ ನೆನಪಿದೆ.

2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಬಾಗಿಲಲ್ಲಿ ಕೊಲ್ಲಲಾಯಿತು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರ ಹತ್ಯೆಯಾಯಿತು. ಎರಡೂ ಹತ್ಯೆಗಳಿಗೆ ಒಂದೇ ಪಿಸ್ತೂಲು ಬಳಕೆಯಾಗಿದೆ, ಸಿದ್ಧಾಂತದ ಹೆಸರಿನಲ್ಲಿ ತರಬೇತಿ ಪಡೆದ ಸಂಘಟಿತ ಜಾಲವೊಂದು ಇದರ ಹಿಂದಿದೆ ಎಂದು ವಿಶೇಷ ತನಿಖಾ ದಳ ಹೇಳಿತು. ಭಿನ್ನ ಅಭಿಪ್ರಾಯದವರನ್ನು ಹೆದರಿಸಲು ನಡೆಸುವ ಸಂಚಿನ ಕೊಲೆಗೆ ಭಯೋತ್ಪಾದನೆ ಎನ್ನದೆ ಬೇರೇನು ಹೇಳಬೇಕು? ಆದರೆ ಆ ಪ್ರಕರಣಗಳಲ್ಲಿ ಬಂಧಿತರಾದವರು ನಮ್ಮ ಪತ್ರಿಕೆಗಳಲ್ಲಿ ಬಹುಮಟ್ಟಿಗೆ ‘ಆರೋಪಿಗಳು’. ಅದು ಸರಿಯಾದ ಪದ. ನ್ಯಾಯಾಲಯ ಹೇಳುವವರೆಗೆ ಅವರನ್ನು ಹಾಗೆಯೇ ಕರೆಯಬೇಕು. ಅವರ ಊರಿಗೆ, ಜಾತಿಗೆ, ಧರ್ಮಕ್ಕೆ ‘ನಂಟು’ ಕಟ್ಟದಿರುವುದೂ ಸರಿಯೇ. ನಮ್ಮ ತಕರಾರು ಆ ಸೌಜನ್ಯದ ಬಗ್ಗೆ ಅಲ್ಲ. ಅದು ಹಂಚಿಕೆಯಾಗುವ ರೀತಿಯ ಬಗ್ಗೆ. ಗೌರಿ ಹತ್ಯೆಯ ಇಬ್ಬರು ಆರೋಪಿಗಳು 2024ರಲ್ಲಿ ಜಾಮೀನಿನ ಮೇಲೆ ಹೊರಬಂದಾಗ ವಿಜಯಪುರದಲ್ಲಿ ಹಾರ ಹಾಕಿ ಸನ್ಮಾನಿಸಲಾಯಿತು. ಬೇರೊಂದು ಹೆಸರಿನ ಆರೋಪಿಗಳಿಗೆ ಹಾರ ಬಿದ್ದಿದ್ದರೆ ಅಂದು ರಾತ್ರಿಯ ಚರ್ಚೆಗಳು ಹೇಗಿರುತ್ತಿದ್ದವು ಎಂದು ಊಹಿಸಲು ಕಷ್ಟಪಡಬೇಕಿಲ್ಲ.

ಭಟ್ಕಳವನ್ನೇ ನೋಡಿ. ನವಾಯತರ ಊರು, ಮಲ್ಲಿಗೆಯ ಊರು, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದು ಊರಲ್ಲಿ ಶಾಲೆ ಕಟ್ಟಿದವರ ಊರು. ಕೆಲವೇ ವ್ಯಕ್ತಿಗಳ ಹೆಸರಿಗೆ ಬಾಲವಾಗಿ ಅಂಟಿಕೊಂಡು ಈ ಊರೇ ಆರೋಪಿಯಾಯಿತು. ಆ ಪೈಕಿ ಯಾಸೀನ್ 2013ರ ದಿಲ್‌ಸುಖ್‌ನಗರ ಸ್ಫೋಟ ಪ್ರಕರಣದಲ್ಲಿ 2016ರಲ್ಲಿ ಶಿಕ್ಷೆಗೊಳಗಾದವನು. ಶಿಕ್ಷೆ ಅವನಿಗೆ. ಊರಿನ ಹೆಸರು ಹೇಳಿದೊಡನೆ ಬಾಡಿಗೆ ಮನೆ ನಿರಾಕರಿಸಲ್ಪಡುವ ವಿದ್ಯಾರ್ಥಿಗೆ ಯಾವ ನ್ಯಾಯಾಲಯ ಶಿಕ್ಷೆ ವಿಧಿಸಿತ್ತು?

ಜಗತ್ತಿನಾದ್ಯಂತ ಇದೇ ಕಥೆ. 2011ರ ಜುಲೈ 22ರಂದು ನಾರ್ವೆಯಲ್ಲಿ 77 ಮಂದಿಯ ಹತ್ಯೆಯಾದಾಗ ಬ್ರಿಟನ್ನಿನ ‘ಸನ್’ ಪತ್ರಿಕೆ ಮುಖಪುಟದಲ್ಲೇ ಅಲ್ ಖಾಯಿದಾ ಹೆಸರು ಹಾಕಿತು. ಹಂತಕ ಆಂಡರ್ಸ್ ಬ್ರೇವಿಕ್ ಎಂಬ ಮುಸ್ಲಿಮ್ ದ್ವೇಷಿ. 2019ರ ಮಾರ್ಚ್ 15ರಂದು ನ್ಯೂಝಿಲ್ಯಾಂಡಿನ ಕ್ರೈಸ್ಟ್‌ಚರ್ಚ್ ಮಸೀದಿಗಳಲ್ಲಿ 51 ಮಂದಿಯನ್ನು ಕೊಂದವನ ಬಾಲ್ಯದ ಮುಗ್ಧತೆಯನ್ನು ಲಂಡನ್ನಿನ ‘ಡೈಲಿ ಮಿರರ್’ ಮುಖಪುಟದಲ್ಲಿ ನೆನೆಯಿತು. ಆತ ಆಸ್ಟ್ರೇಲಿಯಾದ ಪ್ರಜೆ. ಹನೀಫರಿಗೆ ‘ನಡತೆ’ಯ ಪರೀಕ್ಷೆ ಒಡ್ಡಿದ ಆಸ್ಟ್ರೇಲಿಯಾದ ಯಾವ ದೂರದ ನಂಟನ ವೀಸಾವನ್ನೂ ಅದಕ್ಕಾಗಿ ಜಗತ್ತು ರದ್ದು ಮಾಡಲಿಲ್ಲ. ಮಾಡಬಾರದಿತ್ತು ಕೂಡ.

ಹತ್ತು ದಿನ, ಎರಡು ತೀರ್ಪು

ಇಬ್ಬಗೆ ನೀತಿಯನ್ನು ಅಳೆಯಲು 2025ರ ಜುಲೈ ತಿಂಗಳು ನಮಗೊಂದು ಅಪರೂಪದ ಅವಕಾಶ ಕೊಟ್ಟಿತು. ಜುಲೈ 21ರಂದು ಬಾಂಬೆ ಹೈಕೋರ್ಟ್ 2006ರ ಮುಂಬೈ ರೈಲು ಸ್ಫೋಟ ಪ್ರಕರಣದ ಎಲ್ಲ 12 ಮಂದಿಯನ್ನೂ ಖುಲಾಸೆಗೊಳಿಸಿತು. 180ಕ್ಕೂ ಹೆಚ್ಚು ಜೀವಗಳನ್ನು ಬಲಿ ಪಡೆದ ಪ್ರಕರಣ ಅದು. ಖುಲಾಸೆಯಾದವರಲ್ಲಿ ಐವರಿಗೆ ಕೆಳ ನ್ಯಾಯಾಲಯ ಗಲ್ಲು ಶಿಕ್ಷೆ ವಿಧಿಸಿತ್ತು. ಒಬ್ಬರು ತೀರ್ಪು ಕೇಳುವ ಮೊದಲೇ ಜೈಲಿನಲ್ಲಿ ಸತ್ತಿದ್ದರು. ಪ್ರಾಸಿಕ್ಯೂಷನ್ ಸಂಪೂರ್ಣ ವಿಫಲವಾಗಿದೆ, ತಪ್ಪೊಪ್ಪಿಗೆಗಳನ್ನು ನಂಬಲಾಗದು ಎಂದು ನ್ಯಾಯಪೀಠ ಹೇಳಿತು. ಹತ್ತು ದಿನಗಳ ಬಳಿಕ, ಜುಲೈ 31ರಂದು, ಮುಂಬೈಯ ವಿಶೇಷ ಎನ್‌ಐಎ ನ್ಯಾಯಾಲಯ 2008ರ ಮಾಲೇಗಾಂವ್ ಸ್ಫೋಟದ ಏಳೂ ಆರೋಪಿಗಳನ್ನು, ಪ್ರಜ್ಞಾ ಸಿಂಗ್ ಠಾಕೂರ್ ಮತ್ತು ಲೆಫ್ಟಿನೆಂಟ್ ಕರ್ನಲ್ ಪುರೋಹಿತ್ ಸಹಿತ, ಖುಲಾಸೆಗೊಳಿಸಿತು. ಅಲ್ಲಿ ಸತ್ತವರು 6 ಮಂದಿ. ಸಂಶಯ ಎಷ್ಟೇ ಬಲವಾಗಿದ್ದರೂ ಅದು ಪುರಾವೆಯಾಗದು ಎಂಬುದು ಆ ತೀರ್ಪಿನ ತಿರುಳು.

ಎರಡೂ ಭಯೋತ್ಪಾದನಾ ಪ್ರಕರಣ. ಎರಡೂ ಮಹಾರಾಷ್ಟ್ರದ್ದು. ಎರಡರಲ್ಲೂ ಸಾಕ್ಷ್ಯದ ಕೊರತೆಯಿಂದ ಖುಲಾಸೆ. ಪ್ರತಿಕ್ರಿಯೆ ಮಾತ್ರ ಎರಡು ಬಗೆ. ಮೊದಲ ತೀರ್ಪನ್ನು ಆಘಾತಕಾರಿ ಎಂದ ಮುಖ್ಯಮಂತ್ರಿ ದೇವೇಂದ್ರ ಫಡ್ನವೀಸ್, ಎರಡನೆಯದು ಬಂದಾಗ ಭಯೋತ್ಪಾದನೆ ಎಂದೂ ಕೇಸರಿಯಾಗಿರಲಿಲ್ಲ, ಆಗುವುದೂ ಇಲ್ಲ ಎಂದು ಸಾರಿದರು. ಮೊದಲ ತೀರ್ಪಿನ ವಿರುದ್ಧ ರಾಜ್ಯ ಸರಕಾರ ಸುಪ್ರೀಂ ಕೋರ್ಟಿಗೆ ಧಾವಿಸಿತು. ಜುಲೈ 24ರಂದು ಅದಕ್ಕೆ ತಡೆಯೂ ಸಿಕ್ಕಿತು, ಆದರೆ ಬಿಡುಗಡೆಯಾದವರು ಜೈಲಿಗೆ ಮರಳಬೇಕಿಲ್ಲ ಎಂದು ನ್ಯಾಯಾಲಯ ಸ್ಪಷ್ಟಪಡಿಸಿತು. ಎರಡನೇ ತೀರ್ಪಿನ ವಿರುದ್ಧ ಮಾಲೇಗಾಂವ್‌ನ ಸಂತ್ರಸ್ತರ ಕುಟುಂಬದವರು ಹೈಕೋರ್ಟ್ ಮೆಟ್ಟಿಲೇರಿದರು. ಟಿವಿ ಚರ್ಚೆಗಳ ಪ್ರಶ್ನೆಗಳನ್ನೂ ಹೋಲಿಸಿ ನೋಡಿ. ಮೊದಲನೆಯದಕ್ಕೆ ‘ಹಾಗಾದರೆ ಸತ್ತವರನ್ನು ಕೊಂದವರು ಯಾರು?’ ಎಂಬ ಪ್ರಶ್ನೆ. ಎರಡನೆಯದಕ್ಕೆ ‘ಇವರನ್ನು ಸಿಲುಕಿಸಿದವರು ಯಾರು?’ ಎಂಬ ಪ್ರಶ್ನೆ. ಎರಡೂ ನ್ಯಾಯವಾದ ಪ್ರಶ್ನೆಗಳು. ಎರಡೂ ತೀರ್ಪುಗಳಿಗೆ ಎರಡೂ ಪ್ರಶ್ನೆ ಕೇಳಿದ್ದರೆ ಅದನ್ನು ಪತ್ರಿಕೋದ್ಯಮ ಎನ್ನಬಹುದಿತ್ತು.

ಇಲ್ಲಿ ಮುಸ್ಲಿಮರಿಗೂ ಒಂದು ಪರೀಕ್ಷೆಯಿದೆ. ರೈಲು ಸ್ಫೋಟದ ಖುಲಾಸೆಯನ್ನು ನ್ಯಾಯದ ಗೆಲುವೆಂದೂ ಮಾಲೇಗಾಂವ್‌ನ ಖುಲಾಸೆಯನ್ನು ಬರೀ ಮೋಸವೆಂದೂ ಕರೆದರೆ ನಾವೂ ಅದೇ ಫಡ್ನವೀಸರ ತಕ್ಕಡಿಯನ್ನು ತಿರುಗಿಸಿ ಹಿಡಿದಂತೆ. ತೀರ್ಪನ್ನು ಟೀಕಿಸಬಹುದು, ತನಿಖೆ ಹಾದಿ ತಪ್ಪಿದ್ದನ್ನು ಪ್ರಶ್ನಿಸಬಹುದು, ಮೇಲ್ಮನವಿಯನ್ನು ಬೆಂಬಲಿಸಬಹುದು. ಆದರೆ ‘ಇಸ್ಲಾಮಿಕ್ ಭಯೋತ್ಪಾದನೆ’ ಎಂಬ ಪದಕ್ಕೆ ಪ್ರತಿಯಾಗಿ ‘ಹಿಂದೂ ಭಯೋತ್ಪಾದನೆ’ ಎಂಬ ಪದವನ್ನು ಚಲಾವಣೆಗೆ ತಂದರೆ ನಮಗೆ ನ್ಯಾಯ ಸಿಗುವುದಿಲ್ಲ. ಅನ್ಯಾಯಕ್ಕೆ ಪಾಲುದಾರರು ಹೆಚ್ಚುತ್ತಾರೆ ಅಷ್ಟೇ. ಒಂದು ಜನಾಂಗದ ಮೇಲಿನ ಹಗೆ ನಿಮ್ಮನ್ನು ಅನ್ಯಾಯಕ್ಕೆ ತಳ್ಳದಿರಲಿ ಎಂದು ಕುರ್‌ಆನ್ ಎಚ್ಚರಿಸಿದ್ದು ನಮ್ಮನ್ನೇ ಉದ್ದೇಶಿಸಿ. ನಿಮ್ಮ ವಿರುದ್ಧ, ಹೆತ್ತವರ ವಿರುದ್ಧ, ನಂಟರ ವಿರುದ್ಧವಾದರೂ ನ್ಯಾಯದ ಪರ ಸಾಕ್ಷಿ ಹೇಳಿ ಎಂದದ್ದೂ ನಮಗೇ. ಕಫೀಲ್ ಹೆಸರು ಹೊರಬಂದಾಗ ‘ನಮ್ಮವರು ಹೀಗೆ ಮಾಡಲು ಸಾಧ್ಯವೇ ಇಲ್ಲ’ ಎಂಬ ಉತ್ತರ ಸಾಲದಾಗಿತ್ತು. ಅವನು ಮಾಡಿದ್ದು ಅಪರಾಧ, ಹನೀಫ್ ಮಾಡಿದ್ದು ಏನೂ ಅಲ್ಲ ಎಂಬುದೇ ಸರಿಯಾದ ಉತ್ತರ. ಎರಡು ವಾಕ್ಯಗಳನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲವರ ಮಾತಿಗೆ ಮಾತ್ರ ತೂಕವಿರುತ್ತದೆ.

ಕಳೆದುಹೋದ ವರ್ಷಗಳ ಲೆಕ್ಕ

ತಪ್ಪು ಹೆಸರು ಕರೆದರೆ ಏನು ನಷ್ಟ ಎಂದು ಕೇಳುವವರು ಕಲಬುರಗಿಯ ಫಾರ್ಮಸಿ ವಿದ್ಯಾರ್ಥಿಯೊಬ್ಬನ ಕಥೆ ಕೇಳಬೇಕು. ಬಾಬರಿ ಮಸೀದಿ ಧ್ವಂಸದ ಮೊದಲ ವರ್ಷಾಚರಣೆಯ ವೇಳೆ ನಡೆದ ರೈಲು ಸ್ಫೋಟಗಳ ಪ್ರಕರಣದಲ್ಲಿ 1994ರ ಜನವರಿಯಲ್ಲಿ ಆತನನ್ನು ಪೊಲೀಸರು ಹಿಡಿದೊಯ್ದರು. ವಯಸ್ಸು ಇನ್ನೂ ಇಪ್ಪತ್ತು ತುಂಬಿರಲಿಲ್ಲ. 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಬಿಡುಗಡೆಗೆ ಆದೇಶಿಸಿದಾಗ 22 ವರ್ಷಗಳು ಕಳೆದಿದ್ದವು. ಬಂಧನದ ಸುದ್ದಿಗೂ ಬಿಡುಗಡೆಯ ಸುದ್ದಿಗೂ ನಡುವೆ ಒಂದು ತಲೆಮಾರು ದಾಟಿಹೋಗಿತ್ತು.

2012ರಲ್ಲಿ ಬೆಂಗಳೂರಿನ ಇಂಗ್ಲಿಷ್ ಪತ್ರಿಕೆಯೊಂದರ ಯುವ ವರದಿಗಾರನನ್ನು ಬಂಧಿಸಲಾಯಿತು. ಮೊನ್ನೆಯವರೆಗೆ ಜೊತೆಯಲ್ಲಿ ಚಹಾ ಕುಡಿದ ಸಹೋದ್ಯೋಗಿಗಳ ವೃತ್ತಿಯೇ ಆತನನ್ನು ‘ಮಾಸ್ಟರ್‌ಮೈಂಡ್’ ಎಂದು ಕರೆಯಿತು. ಆರು ತಿಂಗಳ ಬಳಿಕ, 2013ರ ಫೆಬ್ರವರಿಯಲ್ಲಿ, ಎನ್‌ಐಎ ಆತನ ಮೇಲೆ ಆರೋಪವನ್ನೇ ಹೊರಿಸದೆ ಬಿಟ್ಟಿತು. ಅದೇ ಪ್ರಕರಣದಲ್ಲಿ ಬೇರೆ ಹಲವರು ತಪ್ಪೊಪ್ಪಿಕೊಂಡು 2016ರಲ್ಲಿ ಶಿಕ್ಷೆಗೊಳಗಾದರು ಎಂಬುದನ್ನೂ ಹೇಳಬೇಕು. ಬಂಧಿತರಲ್ಲಿ ಅಪರಾಧಿಗಳೂ ಇರುತ್ತಾರೆ, ನಿರಪರಾಧಿಗಳೂ ಇರುತ್ತಾರೆ. ಅವರನ್ನು ಬೇರ್ಪಡಿಸುವ ಕೆಲಸ ನ್ಯಾಯಾಲಯದ್ದು. ಮೊದಲ ದಿನದ ಮುಖಪುಟ ಆ ಕೆಲಸವನ್ನು ಅಸಾಧ್ಯವಾಗಿಸುತ್ತದೆ.

ನಷ್ಟ ಆರೋಪಿಗೆ ಮಾತ್ರವಲ್ಲ. 2006ರಲ್ಲಿ ಮಾಲೇಗಾಂವ್‌ನ ಕಬರಸ್ಥಾನದ ಬಳಿ, ಶಬೇ ಬರಾಅತ್ ದಿನ, ಜುಮಾ ನಮಾಝ್ ಮುಗಿಸಿ ಬಂದವರ ನಡುವೆ ಬಾಂಬ್ ಸಿಡಿದು 30ಕ್ಕೂ ಹೆಚ್ಚು ಮಂದಿ ಸತ್ತರು. ಸತ್ತವರ ಸಮುದಾಯದ ಯುವಕರನ್ನೇ ಬಂಧಿಸಿ ವರ್ಷಗಟ್ಟಲೆ ಜೈಲಿನಲ್ಲಿಟ್ಟು 2016ರಲ್ಲಿ ಪ್ರಕರಣದಿಂದ ಕೈಬಿಡಲಾಯಿತು. ಮಕ್ಕಾ ಮಸೀದಿ ಪ್ರಕರಣದಲ್ಲಿ ಬಳಿಕ ವಿಚಾರಣೆ ಎದುರಿಸಿದ ಅಸೀಮಾನಂದ ಮತ್ತಿತರರೂ 2018ರಲ್ಲಿ ಖುಲಾಸೆಯಾದರು. 2007ರಲ್ಲಿ 68 ಮಂದಿ ಸತ್ತ ಸಂಝೋತಾ ಎಕ್ಸ್‌ಪ್ರೆಸ್ ಪ್ರಕರಣದ ಆರೋಪಿಗಳನ್ನು 2019ರಲ್ಲಿ ಖುಲಾಸೆಗೊಳಿಸುವಾಗ, ಇಂತಹ ಕ್ರೌರ್ಯಕ್ಕೆ ಸಾಕ್ಷ್ಯದ ಕೊರತೆಯಿಂದ ಶಿಕ್ಷೆಯಾಗದೆ ಉಳಿಯಿತಲ್ಲ ಎಂದು ನ್ಯಾಯಾಧೀಶರೇ ನೋವು ತೋಡಿಕೊಂಡರು. ಒಂದರ ಮೇಲೊಂದು ಖುಲಾಸೆ. ಹಾಗಾದರೆ ಬಾಂಬಿಟ್ಟವರು ಯಾರು? ಪೂರ್ವಗ್ರಹದ ಮೇಲೆ ಕಟ್ಟಿದ ತನಿಖೆ ನಿರಪರಾಧಿಯ ಯೌವನವನ್ನು ಕಸಿಯುತ್ತದೆ, ಸತ್ತವರ ಮನೆಯವರಿಗೆ ಸಿಗಬೇಕಾದ ಉತ್ತರವನ್ನು ಕಸಿಯುತ್ತದೆ, ನಿಜವಾದ ಹಂತಕನಿಗೆ ಮಾತ್ರ ಉಡುಗೊರೆ ಕೊಡುತ್ತದೆ. ತಪ್ಪು ಮನುಷ್ಯನ ಬೆನ್ನು ಹತ್ತಿದಷ್ಟು ದಿನವೂ ಸರಿಯಾದ ಮನುಷ್ಯ ನೆಮ್ಮದಿಯಾಗಿರುತ್ತಾನೆ. ಆದ್ದರಿಂದ ಮಾಧ್ಯಮದ ಸಂಯಮ ಅಲ್ಪಸಂಖ್ಯಾತರಿಗೆ ತೋರುವ ಔದಾರ್ಯವಲ್ಲ. ಅದು ದೇಶದ ಭದ್ರತೆಯ ಪ್ರಶ್ನೆ.

ಕೇಳುವುದು ಬಹಳವೇನಿಲ್ಲ. ತೀರ್ಪು ಬರುವವರೆಗೆ ಎಲ್ಲರಿಗೂ ‘ಆರೋಪಿ’ ಎಂಬ ಒಂದೇ ಪದ. ‘ಎನ್ನಲಾಗಿದೆ’ ಎಂಬಲ್ಲಿ ಅಂದವರ ಹೆಸರು ಅಥವಾ ಹುದ್ದೆ. ಬಂಧನದ ಸುದ್ದಿ ಯಾವ ಪುಟದಲ್ಲಿ, ಯಾವ ಗಾತ್ರದಲ್ಲಿ ಬಂದಿತ್ತೋ ಖುಲಾಸೆಯ ಸುದ್ದಿಯೂ ಅದೇ ಪುಟದಲ್ಲಿ, ಅದೇ ಗಾತ್ರದಲ್ಲಿ. ಪೊಲೀಸರು ಪತ್ರಿಕಾಗೋಷ್ಠಿಗಳಲ್ಲಿ ಏನು ಹೇಳಬಹುದು, ಏನು ಹೇಳಬಾರದು ಎಂಬುದಕ್ಕೆ ಮಾರ್ಗಸೂಚಿ ರೂಪಿಸುವಂತೆ ಸುಪ್ರೀಂ ಕೋರ್ಟ್ 2023ರಲ್ಲಿ ಕೇಂದ್ರ ಗೃಹ ಸಚಿವಾಲಯಕ್ಕೆ ಸೂಚಿಸಿತ್ತು. ಪ್ರೆಸ್ ಕೌನ್ಸಿಲ್‌ನ ನಿಯಮಾವಳಿ ಪ್ರಕಟಣೆಗೆ ಮೊದಲು ಪರಿಶೀಲನೆಯನ್ನು ಕಡ್ಡಾಯ ಕರ್ತವ್ಯವೆನ್ನುತ್ತದೆ. ಸುದ್ದಿ ತಂದವನನ್ನು ನಂಬುವ ಮೊದಲು ಪರಿಶೀಲಿಸಿ, ಇಲ್ಲವಾದರೆ ಅರಿಯದೆ ಒಂದು ಜನವಿಭಾಗಕ್ಕೆ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪ ಪಡಬೇಕಾದೀತು ಎಂಬ ಬೋಧನೆ ಹದಿನಾಲ್ಕು ಶತಮಾನಗಳ ಹಿಂದೆ ಹುಜುರಾತ್ ಅಧ್ಯಾಯದಲ್ಲಿ ಬಂದಿದೆ. ವಾಟ್ಸ್ಆ್ಯಪ್‌ನಲ್ಲಿ ಬಂದದ್ದನ್ನೆಲ್ಲ ಮುಂದಕ್ಕೆ ತಳ್ಳುವ ನಮ್ಮ ಬೆರಳುಗಳಿಗೂ ಅದು ಅನ್ವಯಿಸುತ್ತದೆ.

ನಂಟು ಎಂಬ ಮಾತನ್ನು ನಮ್ಮ ಹಿರಿಯರು ಮನೆ ಕಟ್ಟಲು ಬಳಸಿದರು. ಅದನ್ನು ಆರೋಪಪಟ್ಟಿಯಾಗಿಸಿದ್ದು ನಮ್ಮ ಕಾಲ. ನಾಳೆ ಎಲ್ಲೋ ಒಂದು ಕಡೆ ಮತ್ತೆ ಅನಾಹುತ ನಡೆದರೆ, ಮುಖಪುಟ ಕಟ್ಟಲು ಕುಳಿತ ಉಪಸಂಪಾದಕನ ಮುಂದೆ ಇದೇ ಎರಡಕ್ಷರ ಮತ್ತೆ ಬರುತ್ತದೆ. ಅಂಕಣಕ್ಕೆ ಸರಿಯಾಗಿ ಕೂರುವ ಪದ ಅದು. ಅದನ್ನು ಹಾಕುವ ಮೊದಲು ಆತ ಕೇಳಿಕೊಳ್ಳಬೇಕಾದದ್ದು ಒಂದೇ: ಹೆಸರು ಬೇರೆಯಾಗಿದ್ದರೂ ನಾನು ಇದನ್ನೇ ಬರೆಯುತ್ತಿದ್ದೆನೇ?